ಕಾಜಾ ಅಕ್ಕ ಶಾಲೆ ಬಿಡಿಸಿದ ಹುಡುಗಿಯರು

ನಮ್ಮಕ್ಕ ಇಲ್ಲಿಯವರೆಗೆ ಹತ್ತೊಂಬತ್ತು ಹುಡುಗಿಯರನ್ನು ಶಾಲೆ ಬಿಡಿಸಿದ್ದಾಳೆ. ಇಪ್ಪತ್ತನೆಯವಳನ್ನು ಬಿಡಿಸುತ್ತಿರುವಾಗ ನನ್ನ ಕೈಗೆ ಸಿಕ್ಕಿಬಿದ್ದಳು. ನಾನು ಯಾರು ಅಂತೀರಾ? ನಾನು ಹೆಡ್ ಮಿಸ್. ಈ ಊರಿನಲ್ಲಿ ಯಾವ ಮಗು ಮೂರು ದಿನ ಶಾಲೆ ತಪ್ಪಿಸಿದರೂ ಅದರ ಮನೆ ಬಾಗಿಲಿಗೆ ಹೋಗಿ, ಚಹಾ ಕೊಟ್ಟರೂ ಕುಡಿಯದೆ, ಅಪ್ಪ ಅಮ್ಮಂದಿರ ತಲೆಯನ್ನು ಅರ್ಧ ಗಂಟೆ ಕೊರೆದು, ಮಗುವನ್ನು ವಾಪಸು ಎಳೆದು ತರುವವಳು ಎಂದು ಹೆಸರು ಮಾಡಿದವಳು. ಅಂಥವಳ ಒಡಹುಟ್ಟಿದ ಅಕ್ಕನೇ ಹೀಗೆ ಮಾಡಿದರೆ ಮೈ ಉರಿಯದೆ ಇನ್ನೇನಾಗುತ್ತದೆ?

ಗಾಬರಿಯಾಗಬೇಡಿ, ಆ ಹುಡುಗಿಯರು ಟ್ಯಾಬ್ಲೆಟ್ಟಿನೊಳಗಿನವರು. ಅದೊಂದು ಆಟ. ಮನೆ ಕಟ್ಟಬೇಕು, ಅದರೊಳಗೆ ಬೆರಳುದ್ದದ ಮನುಷ್ಯರನ್ನು ಇಡಬೇಕು, ಅವರು ಉಣ್ಣಬೇಕು, ಮಲಗಬೇಕು, ಕೆಲಸಕ್ಕೆ ಹೋಗಬೇಕು, ಜಗಳವಾಡಬೇಕು. ಅಂದರೆ ನಾವು ಹುಟ್ಟಿದ್ದಕ್ಕೆ ಬಿಟ್ಟಿಯಾಗಿ ಮಾಡುವುದನ್ನೆಲ್ಲ ಅಲ್ಲಿ ಬೆರಳಿನಿಂದ ಒತ್ತಿ ಒತ್ತಿ ಮಾಡಿಸಬೇಕು. ಟ್ಯಾಬ್ಲೆಟ್ಟನ್ನು ತಂದುಕೊಟ್ಟವಳು ನಾನೇ. ಐವತ್ತೇಳರ ಅಕ್ಕ ನಾಲ್ಕಕ್ಷರ ಓದಲಿ, ಜ್ಞಾನ ಹೆಚ್ಚಲಿ ಎಂಬ ಘನ ಉದ್ದೇಶ ನನ್ನದು. ಅವಳು ಅದರಲ್ಲಿ ಕಾಲರ್ ಕೂರಿಸುವ ವಿಡಿಯೋ ಹುಡುಕುತ್ತಿದ್ದಾಗ ನಡುವೆ ಈ ಆಟದ ಜಾಹೀರಾತು ಬಂತಂತೆ. ಒತ್ತಿದಳಂತೆ. ಜ್ಞಾನಕ್ಕೆ ಅಲ್ಲಿಗೇ ಮಂಗಳ ಹಾಡಿದಂತಾಯಿತು.

ಅಕ್ಕನನ್ನು ಎಲ್ಲರೂ ಕರೆಯುವುದು ಕಾಜಾ ಅಕ್ಕ ಎಂದೇ. ಗುಂಡಿ ತೂರಿಸುವ ತೂತಿನ ಸುತ್ತ ದಾರದಿಂದ ಹೆಣೆಯುತ್ತಾರಲ್ಲ, ಆ ಕಾಜಾ ಅವಳ ಕಸುಬು. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯ ಹಿಂದಿನ ಕೋಣೆ, ನಾಲ್ಕು ಮಷೀನು, ಬಟ್ಟೆ ಕತ್ತರಿಸುವ ಉದ್ದ ಮೇಜು, ನೆಲದ ತುಂಬ ಚಿಂದಿ, ಕಿಟಕಿಯ ಪಕ್ಕ ಅವಳ ಗಿಡ್ಡ ಸ್ಟೂಲು. ನಲವತ್ತು ವರ್ಷದಿಂದ ಅದೇ ಸ್ಟೂಲು. ಕಾಲು ಮಾತ್ರ ಎರಡು ಸಲ ಬದಲಾಗಿದೆ. ಕಾಜಾ ಹಾಕುವ ಯಂತ್ರ ಬಂದಾಗ ಕತ್ತರಿ ಮಾಸ್ಟರು, "ಇನ್ನು ನಿಮಗೆ ಆರಾಮ, ಮನೇಲಿರಿ" ಎಂದರಂತೆ. ಅಕ್ಕ ಯಂತ್ರ ಹೆಣೆದ ಅಂಗಿಯೊಂದನ್ನು ಎತ್ತಿಕೊಂಡು ಕುತ್ತಿಗೆಯ ಮೊದಲ ಗುಂಡಿಯನ್ನು ಹುಡುಗರು ಎಳೆಯುವ ಹಾಗೆ ನಾಲ್ಕು ಸಲ ಎಳೆದಳಂತೆ. ದಾರ ಬಿಟ್ಟುಕೊಂಡಿತು. ಅಂದಿನಿಂದ ಕೆಳಗಿನ ಆರು ಯಂತ್ರಕ್ಕೆ, ಕುತ್ತಿಗೆಯದು ಅಕ್ಕನಿಗೆ. ಈ ಊರಿನ ಅಷ್ಟೂ ಮಕ್ಕಳನ್ನು ಕುತ್ತಿಗೆ ಹಿಡಿದು ಶಾಲೆಗೆ ಕಳಿಸುವವಳು ತಾನೇ ಎಂದು ಅವಳ ಜಂಬ. ತಾನು ಮಾತ್ರ ಹತ್ತನೇ ಕ್ಲಾಸಿನ ಅರ್ಧದಲ್ಲಿ ಬಿಟ್ಟವಳು.

ಅವಳ ಈ ಕಸುಬಿನಿಂದ ನನ್ನ ಮಾನ ಹೋದದ್ದು ಒಂದೆರಡು ಸಲವಲ್ಲ. ಯಾವ ಹುಡುಗಿ ಶಾಲೆ ಬಿಡುತ್ತಾಳೆಂದು ನನಗಿಂತ ತಿಂಗಳು ಮೊದಲೇ ಅವಳಿಗೆ ಗೊತ್ತಾಗುತ್ತದೆ. ಬೆಳೆಯುವ ಮಕ್ಕಳಿಗೆ ಅಂಚಿನಲ್ಲಿ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟಿರುತ್ತಾರೆ; ವರ್ಷದ ನಡುವೆ ಅದನ್ನು ಬಿಚ್ಚಿಸಲು ಬಂದರೆ ಹುಡುಗಿ ಓದುತ್ತಾಳೆ ಎಂದರ್ಥ. "ಒಂಬತ್ತನೇ ಕ್ಲಾಸಿನ ಆ ಎರಡು ಜಡೆಯವಳ ಸ್ಕರ್ಟನ್ನ ತಂಗಿ ಅಳತೆಗೆ ಚಿಕ್ಕದು ಮಾಡಿಸ್ಕೊಂಡು ಹೋದ್ರು. ನೀನು ಹಾಜರಿ ಕೂಗ್ತಾ ಇರು" ಎನ್ನುತ್ತಾಳೆ. ನಾನು ಓಡಿಹೋಗಿ ನೋಡಿದರೆ ಹುಡುಗಿ ಆಗಲೇ ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕುತ್ತಿರುತ್ತಾಳೆ. ಎರಡು ಡಿಗ್ರಿ ಮಾಡಿದ ನನಗಿಂತ ಎರಡು ಬೆರಳು ಬಟ್ಟೆಗೆ ಹೆಚ್ಚು ತಿಳಿದಿರುತ್ತದೆ.

ಇನ್ನು ನಮ್ಮ ಮನೆಯ ವಿಷಯ. ಅಪ್ಪ, ಅಕ್ಕ ಒಂದೇ ಮನೆಯಲ್ಲಿದ್ದಾರೆ. ನಾನು ಗಂಡನೊಂದಿಗೆ ಎರಡು ಬೀದಿ ಆಚೆ. ಅಪ್ಪನಿಗೆ ಎಂಬತ್ತೆರಡು. ಕಾಗದದ ಕಾರ್ಖಾನೆಯ ಬಾಯ್ಲರಿನ ಮುಂದೆ ಮೂವತ್ತೈದು ವರ್ಷ ನಿಂತು ಒಂದು ಕಿವಿಯನ್ನು ಪೂರ್ತಿ, ಇನ್ನೊಂದನ್ನು ಮುಕ್ಕಾಲು ಅಲ್ಲೇ ಬಿಟ್ಟುಬಂದವರು. ನನಗೆ ನಾಲ್ಕು ತಿಂಗಳಾಗಿದ್ದಾಗ ಅಮ್ಮ ಜ್ವರ ಬಂದು ತೀರಿಕೊಂಡಳು. ಅಕ್ಕನಿಗೂ ನನಗೂ ಹದಿನೈದು ವರ್ಷ ಅಂತರ. ನಡುವೆ ಹುಟ್ಟಿದ ಇಬ್ಬರು ಉಳಿಯಲಿಲ್ಲ. ಆ ವರ್ಷವೇ ಅಕ್ಕನ ಶಾಲೆ ನಿಂತಿತು. ಅಪ್ಪ ಬಿಡಿಸಿದರು. ಹೀಗೆಂದು ನಾನು ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ, ನಂಬಿದ್ದೇನೆ, ಬಹುಮಾನ ವಿತರಣೆಯ ಭಾಷಣಗಳಲ್ಲಿ ಹೆಸರು ಹೇಳದೆ ಕನಿಷ್ಠ ಹನ್ನೆರಡು ಸಲ ಬಳಸಿಕೊಂಡಿದ್ದೇನೆ. ಪ್ರತಿ ಸಲವೂ ಚಪ್ಪಾಳೆ ಬಿದ್ದಿದೆ.

ಆರು ವರ್ಷದ ಹಿಂದೆ ನಾನು ಹೆಡ್ ಮಿಸ್ ಆದಾಗ ಮನೆಯಲ್ಲಿ ಹತ್ತು ಜನರನ್ನು ಕರೆದಿದ್ದೆವು. ಬಂದವರಲ್ಲಿ ಒಬ್ಬರು ಅಪ್ಪನನ್ನು, "ದೊಡ್ಡ ಮಗಳು ಎಷ್ಟು ಓದಿದಾರೆ?" ಎಂದು ಕೇಳಿದರು. ಅಪ್ಪ, "ಅವಳನ್ನ ನಾನು ಬಿಡಿಸಿದೆ" ಎಂದರು. ಅಷ್ಟೇ. ಒಂದು ನಿಟ್ಟುಸಿರಿಲ್ಲ, ಒಂದು "ಏನು ಮಾಡೋದು" ಇಲ್ಲ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟೆ ಎನ್ನುವ ಧಾಟಿ. ನನಗೆ ಎಲ್ಲಿತ್ತೋ ಸಿಟ್ಟು, ಹತ್ತು ಜನರ ಮುಂದೆಯೇ ಬಾಯಿಗೆ ಬಂದದ್ದು ಅಂದೆ. ಒಬ್ಬಳ ಬದುಕನ್ನು ಹಾಳುಮಾಡಿ ಹೀಗೆ ಹೇಳಲು ನಾಚಿಕೆಯಾಗುವುದಿಲ್ಲವೇ ಎಂದೆ. ಅವರು ಒಂದು ಮಾತೂ ಆಡಲಿಲ್ಲ. ಅಂದಿನಿಂದ ನಾನು ಅಪ್ಪನೊಂದಿಗೆ ಮಾತು ಬಿಟ್ಟೆ.

ಮಾತು ಬಿಟ್ಟೆ ಅಂದರೆ ಹೋಗಿ ಬರುವುದನ್ನು ಬಿಟ್ಟೆ ಎಂದಲ್ಲ. ಪ್ರತಿ ಭಾನುವಾರ ಹೋಗುತ್ತೇನೆ, ಹಣ್ಣು ಒಯ್ಯುತ್ತೇನೆ. "ನಿಮ್ಮಪ್ಪನಿಗೆ ಹೇಳು, ಮಾತ್ರೆ ಊಟವಾದ ಮೇಲೆ ತಗೋಬೇಕು" ಎಂದು ಅಕ್ಕನಿಗೆ ಹೇಳುತ್ತೇನೆ. ಅಪ್ಪ ಎರಡು ಮಾರು ದೂರದಲ್ಲಿ ಕೂತಿರುತ್ತಾರೆ. ಅಕ್ಕ ಅದನ್ನೇ ಅವರ ಎಡಗಿವಿಯ ಹತ್ತಿರ ಕೂಗುತ್ತಾಳೆ. ಅವರು, "ಹೂಂ ಅಂತ ಹೇಳು" ಎನ್ನುತ್ತಾರೆ. ಅಕ್ಕ ನನ್ನ ಕಡೆ ತಿರುಗಿ, "ಹೂಂ ಅಂತೆ" ಎನ್ನುತ್ತಾಳೆ. ಆರು ವರ್ಷ ಹೀಗೇ ನಡೆಯಿತು. ವಿದ್ಯಾವಂತರ ಜಗಳ ಎಂದರೆ ಸುಮ್ಮನೆ ಆಯಿತೇ!

ಕಳೆದ ತಿಂಗಳು ಅಕ್ಕ ಅಪ್ಪನನ್ನು ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಉಳಿದ ಕಾಲು ಭಾಗವೂ ಹೋಗುತ್ತಿದೆ, ಮಷೀನು ಹಾಕಿದರೂ ಪ್ರಯೋಜನವಿಲ್ಲ, ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು ಎಂದರಂತೆ ಅವರು. ಅಕ್ಕ ನನಗೆ ಫೋನು ಮಾಡಿ, "ಕೂಸೇ, ಏನಾದ್ರೂ ಹೇಳೋದಿದ್ರೆ ಈಗಲೇ ಹೇಳಿಬಿಡು. ಆಮೇಲೆ ನೀನು ಎಷ್ಟು ಕಿರುಚಿದ್ರೂ ಗೋಡೆಗೆ ಹೇಳಿದ ಹಾಗೆ" ಎಂದಳು. ನಲವತ್ತೆರಡು ವರ್ಷದ ನನ್ನನ್ನು ಅವಳು ಇನ್ನೂ ಕೂಸು ಎಂದೇ ಕರೆಯುವುದು. ಒಮ್ಮೆ ಶಿಕ್ಷಕರ ಸಭೆಯಲ್ಲಿ ಸ್ಪೀಕರ್ ಫೋನಿನಲ್ಲಿ ಕರೆದು ನನ್ನ ಮರ್ಯಾದೆ ಕಳೆದಿದ್ದಾಳೆ. "ನನಗೆ ಅವರ ಹತ್ತಿರ ಹೇಳೋದು ಏನೂ ಇಲ್ಲ. ಹೇಳೋದಿದ್ರೆ ಅವರೇ ನಿನಗೆ ಹೇಳಬೇಕು, ತಪ್ಪಾಯ್ತು ಅಂತ" ಎಂದೆ. ಅವಳು ಫೋನು ಇಟ್ಟಳು. ನಾನು ಗೆದ್ದೆ ಎಂದುಕೊಂಡೆ.

ಅದರ ಮುಂದಿನ ಭಾನುವಾರ ಮಧ್ಯಾಹ್ನ ಹೋದಾಗಲೇ ಆ ಇಪ್ಪತ್ತನೆಯ ಹುಡುಗಿ ಸಿಕ್ಕಿದ್ದು. ಅಪ್ಪ ಹೊರಗಿನ ಕೋಣೆಯಲ್ಲಿ ರೇಡಿಯೋವನ್ನು ಎಡಗಿವಿಗೆ ಅಂಟಿಸಿಕೊಂಡು ಕೂತಿದ್ದರು. ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕನ್ನಡಕ ಏರಿಸಿಕೊಂಡು ಟ್ಯಾಬ್ಲೆಟ್ಟಿಗೆ ಬೆರಳು ಚುಚ್ಚುತ್ತಿದ್ದಳು. ನಾನು ಹಿಂದಿನಿಂದ ಬಗ್ಗಿ ನೋಡಿದೆ. ತೆರೆಯ ಮೇಲೆ ಜಡೆಯ ಹುಡುಗಿ ನಿಂತಿದ್ದಳು, ಅವಳ ತಲೆಯ ಮೇಲೊಂದು ಚೌಕ, ಅದರಲ್ಲಿ "ಶಾಲೆ ಬಿಡಿಸು" ಎಂದು ಬರೆದಿತ್ತು. ಅಕ್ಕ ಒತ್ತಿದಳು. "ಖಂಡಿತವಾಗಿಯೂ? ಇದನ್ನು ಬದಲಿಸಲಾಗದು" ಎಂದು ಕೇಳಿತು. ಅದನ್ನೂ ಒತ್ತಿದಳು.

"ಏನೇ ಇದು ನಿನ್ನ ಅನ್ಯಾಯ?" ಎಂದೆ. ಅವಳು ಬೆಚ್ಚಲಿಲ್ಲ. "ಇದು ಇಪ್ಪತ್ತನೇದು" ಎಂದಳು.

ನನಗೆ ತಡೆಯಲಾಗಲಿಲ್ಲ. ನಿಂತಲ್ಲೇ ಶುರುಮಾಡಿದೆ. ಹೆಣ್ಣುಮಕ್ಕಳ ಓದು, ಅವರ ಭವಿಷ್ಯ, ನನ್ನ ಶಾಲೆಯ ಅಂಕಿ ಅಂಶ, ಎಲ್ಲ ಬಂತು. ನಿನ್ನ ಬದುಕೇ ಹಾಗಾಯಿತು, ಆಟದಲ್ಲಾದರೂ ಒಬ್ಬಳನ್ನು ಓದಿಸಬಾರದೇ, ಡಾಕ್ಟರೋ ಪೈಲಟ್ಟೋ ಮಾಡಬಾರದೇ, ಬೊಂಬೆಗೂ ಕರುಣೆ ಇಲ್ಲವೇ ಎಂದೆಲ್ಲ ಕೇಳಿದೆ. ಅಕ್ಕ ಕೆನ್ನೆಗೆ ಕೈಕೊಟ್ಟು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಮುಗೀತಾ? ಚಪ್ಪಾಳೆ ತಟ್ಟಬೇಕಾ?" ಎಂದಳು.

ವಿಷಯ ಇಷ್ಟು. ಮೊದಲು ಈ ಆಟದಲ್ಲಿ ಶಾಲೆ ಬಿಡುವುದಕ್ಕೆ ದಾರಿಯೇ ಇರಲಿಲ್ಲವಂತೆ. ಹುಡುಗಿಗೆ ಇಷ್ಟವಿದ್ದರೂ ಇಲ್ಲದಿದ್ದರೂ ಬೆಳಗ್ಗೆ ಎಂಟಕ್ಕೆ ಹಳದಿ ಬಸ್ಸು ಬಂದು ಅವಳನ್ನು ಎತ್ತಿಕೊಂಡು ಹೋಗುತ್ತಿತ್ತಂತೆ. ಅಕ್ಕ ಟ್ಯಾಬ್ಲೆಟ್ಟಿನ ಮೈಕು ಒತ್ತಿ ಆಟ ಮಾಡಿದವರಿಗೆ ಒಂದು ದೂರು ಹೇಳಿದಳಂತೆ: "ನಮ್ಮ ದೊಡ್ಡವಳಿಗೆ ಶಾಲೆ ಬಿಡೋ ಅವಕಾಶ ಕೊಡಿ. ಬಿಡಲೇಬೇಕು ಅಂತ ಅಲ್ಲ. ಬಿಡೋದು ಅವಳ ಕೈಲಿರಲಿ." ಪ್ರಪಂಚದ ಸೋಮಾರಿ ಹುಡುಗರೆಲ್ಲ ಇದನ್ನೇ ಕೇಳಿ ಬರೆದಿದ್ದರಂತೆ, ತಮ್ಮ ಬೊಂಬೆಗಳಾದರೂ ಹತ್ತು ಗಂಟೆವರೆಗೆ ಮಲಗಲಿ ಎಂದು. ಎಲ್ಲರ ಹೊಟ್ಟೆ ತಣ್ಣಗಾಗುವಂತೆ ಹೊಸ ಗುಂಡಿ ಬಂತು. ನಮ್ಮಕ್ಕ ಮೊದಲ ದಿನವೇ ಒತ್ತಿದಳು.

"ಯಾಕೆ ಅಂತ ಕೇಳಬಹುದಾ, ಮಹಾತಾಯಿ?" ಎಂದೆ.

ಅವಳು ತೆರೆಯನ್ನು ನನ್ನ ಕಡೆ ತಿರುಗಿಸಿದಳು. ಎರಡು ಕೋಣೆಯ ಮನೆ. ಒಬ್ಬ ಗಂಡಸು, ಹೆಸರು ಬರೆಯುವ ಜಾಗದಲ್ಲಿ "ಅಪ್ಪ" ಎಂದಿತ್ತು, ಉದ್ಯೋಗ, ಕಾರ್ಖಾನೆ. ಜಡೆಯ ಹುಡುಗಿ, "ದೊಡ್ಡವಳು". ಮೂಲೆಯ ತೊಟ್ಟಿಲಲ್ಲಿ ಒಂದು ಮಗು ಕಿಟಾರನೆ ಕಿರುಚುತ್ತಿತ್ತು. ಅದರ ಮೇಲೆ "ಕೂಸು" ಎಂದಿತ್ತು.

ನಾನು ಭಾಷಣ ಬಿಟ್ಟು ಕುರ್ಚಿ ಎಳೆದು ಕೂತೆ. ನನ್ನ ಜೀವನದಲ್ಲಿ ಇದು ಅಪರೂಪ.

"ನನ್ನನ್ನ ಇದರಲ್ಲಿ ಯಾಕೆ ಹಾಕಿದೀಯ?" ಎಂದೆ. "ಮನೆ ಅಂದ ಮೇಲೆ ಮನೆಯವರು ಇರಬೇಕಲ್ಲ" ಎಂದಳು. "ಮಗೂನ ಒಂಟಿ ಬಿಟ್ರೆ ಬಿಳಿ ಕಾರು ಬಂದು ಎತ್ಕೊಂಡು ಹೋಗ್ತದೆ. ನಿನ್ನನ್ನ ಹನ್ನೊಂದು ಸಲ ಎತ್ಕೊಂಡು ಹೋಗಿದಾರೆ. ಆಟ ಅಲ್ಲಿಗೆ ಮುಗೀತದೆ. ಮತ್ತೆ ಹೊಸ ಮನೆ, ಮತ್ತೆ ನಾವು ಮೂರು ಜನ. ಪ್ರತಿ ಸಲ ಮೊದಲು ಓದಿಸೋಕೇ ನೋಡ್ತೀನಿ. ನೀನು ಓದಿದವಳು. ದೊಡ್ಡವಳು ಶಾಲೇಲೂ ಇರಬೇಕು, ಕೂಸು ಮನೇಲೂ ಇರಬೇಕು. ಮಾಡು ನೋಡೋಣ."

ಮಾಡು ನೋಡೋಣ ಎಂದು ನನಗೆ ಹೇಳುವುದೇ? ಆರುನೂರು ಮಕ್ಕಳ, ಇಪ್ಪತ್ತೆರಡು ಶಿಕ್ಷಕರ ವೇಳಾಪಟ್ಟಿ ಹಾಕುವವಳು ನಾನು. ಬ್ಯಾಗಿನಿಂದ ಕೆಂಪು ಪೆನ್ನು ತೆಗೆದೆ, ಹಳೆಯ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಅಪ್ಪ, ದೊಡ್ಡವಳು, ಕೂಸು ಎಂದು ಮೂರು ಅಂಕಣ ಮಾಡಿದೆ. ಅಕ್ಕ ಎದುರು ಕೂತು ಒಂದು ರಾಶಿ ಬಿಳಿ ಅಂಗಿಗಳನ್ನು ಮಡಿಲಿಗೆ ಎಳೆದುಕೊಂಡು ಸೂಜಿಗೆ ದಾರ ಪೋಣಿಸಿದಳು.

ಹೊಸ ಮನೆ ತೆರೆದು, ಮೊದಲಿಗೆ ಅಪ್ಪನನ್ನು ಎರಡನೇ ಪಾಳಿಗೆ ಹಾಕಿದೆ. ಮಧ್ಯಾಹ್ನ ಹನ್ನೆರಡರವರೆಗೆ ಅವರು ಮನೆಯಲ್ಲಿ, ಎರಡಕ್ಕೆ ಹುಡುಗಿ ವಾಪಸು; ನಡುವೆ ಎರಡು ಗಂಟೆ ಖಾಲಿ. ಆ ಎರಡು ಗಂಟೆಗೆ ಪಕ್ಕದ ಮನೆಯ ಹೆಂಗಸನ್ನು ಸ್ನೇಹ ಮಾಡಿಸಿದೆ. ಸ್ನೇಹವಾಗಲು ಅವಳೊಂದಿಗೆ ಹವಾಮಾನದ ಬಗ್ಗೆ ಇಪ್ಪತ್ತು ಸಲ ಮಾತಾಡಿಸಬೇಕಾಯಿತು. ಅವಳು ಬಂದಳು, ಕಪಾಟು ತೆಗೆದು ಇದ್ದಬದ್ದದ್ದನ್ನೆಲ್ಲ ತಿಂದಳು, ಟಿವಿ ನೋಡಿದಳು, ಮಗು ಅತ್ತಿತೆಂದು ಮುಖ ಸಿಂಡರಿಸಿಕೊಂಡು ಹೋದಳು. ಬಿಳಿ ಕಾರು ಬಂತು.

"ಪಕ್ಕದ ಮನೆಯವರು ಹನ್ನೆರಡು ದಿನ ನೋಡ್ಕೊಂಡ್ರು. ಹದಿಮೂರನೇ ದಿನ ಬಾಗಿಲು ತೆಗೀಲಿಲ್ಲ" ಎಂದಳು ಅಕ್ಕ, ಸೂಜಿಯಿಂದ ಕಣ್ಣು ತೆಗೆಯದೆ. "ಆಟದಲ್ಲಾ?" ಎಂದೆ. "ಆಟದಲ್ಲೂ" ಎಂದಳು.

ಎರಡನೇ ಸಲ ಅಪ್ಪನಿಗೆ ರಾತ್ರಿ ಪಾಳಿ ಹಾಕಿ, ಹಗಲೆಲ್ಲ ಮಗು ನೋಡಿಕೊಳ್ಳಲು ಬಿಟ್ಟೆ. ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಆ ಬೆರಳುದ್ದದ ಅಪ್ಪ ಕಾರ್ಖಾನೆಯಲ್ಲಿ ನಿಂತಲ್ಲೇ ಬಿದ್ದರು. ಕೆಲಸ ಹೋಯಿತು. ಮನೆಯ ದೀಪ ಆರಿತು. ಕಾರು ಬಂತು.

"ಅಪ್ಪ ಎರಡು ವಾರ ತಡ್ಕೊಂಡ್ರು" ಎಂದಳು ಅಕ್ಕ. "ಆಮೇಲೆ ನಿದ್ದೆಗಣ್ಣಲ್ಲಿ ತೂಕಡಿಸಿ ಬಾಯ್ಲರ್ ಬಾಗಿಲಿಗೆ ತೋಳು ತಾಗಿಸ್ಕೊಂಡ್ರು. ಆ ಕಲೆ ನೋಡಿದೀಯಲ್ಲ?" ನೋಡಿದ್ದೇನೆ. ಮೊಣಕೈಯಿಂದ ಮಣಿಕಟ್ಟಿನವರೆಗಿದೆ. ಅದು ಹೇಗಾಯಿತೆಂದು ನಾನು ಹುಡುಗಿಯಾಗಿದ್ದಾಗ ಕೇಳಿದರೆ, ಕೆಲಸ ಅಂದ ಮೇಲೆ ಆಗುತ್ತದೆ ಎನ್ನುತ್ತಿದ್ದರು.

ಪೆನ್ನು ಕೆಳಗಿಟ್ಟೆ. ಮೂರನೇ ಸಲ ಹುಡುಗಿಯನ್ನು ದಿನ ಬಿಟ್ಟು ದಿನ ಶಾಲೆಗೆ ಕಳಿಸಿದೆ, ಅವಳು ಹೋದ ದಿನ ಅಪ್ಪನಿಗೆ ರಜೆ ಹಾಕಿಸಿದೆ. ನಾನು, ಹೆಡ್ ಮಿಸ್, ಕೈಯಾರೆ ಗೈರುಹಾಜರಿ ಮಾಡಿಸಿದೆ. ಅಂಕ ಕೆಳಗಿಳಿಯಿತು, ಶಾಲೆಯಿಂದ ಕೆಂಪು ಚೀಟಿ ಬಂತು, ಇನ್ನೊಂದು ದಿನ ತಪ್ಪಿದರೆ ಹುಡುಗಿಯನ್ನೇ ಕರೆದೊಯ್ಯುತ್ತೇವೆ ಎಂದು. ಕೆಂಪು ಚೀಟಿ ಕಳಿಸುವುದರಲ್ಲಿ ನನ್ನದು ಎತ್ತಿದ ಕೈ. ಬಂದ ಮನೆಯಲ್ಲಿ ಅದು ಹೇಗೆ ಕಾಣುತ್ತದೆಂದು ಅಂದೇ ನೋಡಿದ್ದು. ಆಯಾ ಇಟ್ಟುಕೊಳ್ಳೋಣವೆಂದರೆ ಅವಳ ಸಂಬಳಕ್ಕೆ ದುಡ್ಡೆಲ್ಲ ಹೋಗಿ ಮೂರೇ ದಿನಕ್ಕೆ ಕಪಾಟು ಖಾಲಿಯಾಗಿ ಮೂವರೂ ಹೊಟ್ಟೆ ಹಿಡಿದುಕೊಂಡು ನಿಂತರು. ಆಯಾ ಹೊರಟುಹೋದಳು.

ಆಟದಲ್ಲಿ ಬೆಳಗಿನ ಎಂಟಾಯಿತು. ಅಪ್ಪ ಕಾರ್ಖಾನೆಗೆ ಹೋಗಿಯಾಗಿತ್ತು. ಹಳದಿ ಬಸ್ಸು ಬಾಗಿಲಲ್ಲಿ ಹಾರ್ನು ಹೊಡೆಯಿತು. ಅದರ ಹಿಂದೆಯೇ ಬೀದಿಯ ತಿರುವಿನಲ್ಲಿ ಬಿಳಿ ಕಾರಿನ ಮೂತಿ ಕಾಣಿಸಿತು. ತೊಟ್ಟಿಲಲ್ಲಿ ಕೂಸು ಕಿರುಚಿಕೊಳ್ಳುತ್ತಿತ್ತು. ಹುಡುಗಿ ಚೀಲ ಹೆಗಲಿಗೇರಿಸಿ ನಡುಮನೆಯಲ್ಲಿ ನಿಂತು ಒಮ್ಮೆ ಬಾಗಿಲ ಕಡೆ, ಒಮ್ಮೆ ತೊಟ್ಟಿಲ ಕಡೆ ತಿರುಗುತ್ತಿದ್ದಳು. ನಾನು ಅವಳ ತಲೆಯ ಮೇಲೆ ಒತ್ತಿದೆ. ಶಾಲೆ ಬಿಡಿಸು. ಖಂಡಿತವಾಗಿಯೂ? ಒತ್ತಿದೆ. ಬಸ್ಸು ಹೊರಟುಹೋಯಿತು, ಕಾರು ಹಿಂದಕ್ಕೆ ತಿರುಗಿತು, ಹುಡುಗಿ ಚೀಲ ಇಳಿಸಿ ಮಗುವನ್ನು ಎತ್ತಿಕೊಂಡಳು. ಮಗು ಅಳು ನಿಲ್ಲಿಸಿತು.

"ಎಷ್ಟು ಹೊತ್ತು ಯೋಚನೆ ಮಾಡಿದೆ?" ಎಂದಳು ಅಕ್ಕ.

"ಎಲ್ಲಿ ಯೋಚನೆ! ಕಾರು ಗೇಟಿಗೇ ಬಂದಿತ್ತು" ಎಂದೆ.

"ನಾನೂ ಅಷ್ಟೇ" ಎಂದಳು. ಕಾಜಾ ಮುಗಿಸಿ ದಾರವನ್ನು ಹಲ್ಲಿನಿಂದ ಕಡಿದಳು. "ನಮ್ಮ ಮನೇಗೆ ಬಂದದ್ದು ಕಾರಲ್ಲ, ಅಮ್ಮನ ಚಿಕ್ಕಮ್ಮ. ಮಕ್ಕಳಿಲ್ಲದವರು ಯಾರೋ ಇದಾರೆ, ಕೂಸನ್ನ ಅವರಿಗೆ ಕೊಟ್ಟುಬಿಡಿ, ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ ಅಂದ್ರು. ಅಪ್ಪ ಸುಟ್ಟ ಕೈ ಹಿಡ್ಕೊಂಡು ಕೂತಿದ್ರು, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾರನೇ ದಿನ ಶಾಲೆಗೆ ಹೋಗಿ ಬಿಡೋ ಅರ್ಜಿ ತಗೊಂಡೆ. ಅಪ್ಪನ ಸಹಿ ನಾನೇ ಹಾಕಿದೆ."

"ಏನಂದೆ?"

"ಅಪ್ಪ ಬಿಡಿಸಲಿಲ್ಲ ಕೂಸೇ. ನಾನೇ ಬಿಟ್ಟೆ. ತುಂಬ ದಿನ ತಪ್ಪಿಸಿದ್ದಕ್ಕೆ ಶಾಲೆಯವರೇ ಹೆಸರು ಹೊಡೆದುಹಾಕಿದ್ರು ಅಂತ ಅಪ್ಪನಿಗೆ ಸುಳ್ಳು ಹೇಳಿದೆ. ಅದು ತನ್ನಿಂದಲೇ ಆಯ್ತು ಅಂತ ಅಂದುಕೊಂಡು ಇವತ್ತಿಗೂ ಬಿಡಿಸಿದೆ ಅಂತಾರೆ, ಪಾಪ."

ನನ್ನ ಸಿಟ್ಟಿಗೆ ಈಗ ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ. ಆರು ವರ್ಷ ಸಾಕಿ ಸಲಹಿದ ಸಿಟ್ಟು. "ಇದನ್ನ ಆ ದಿನವೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?" ಎಂದು ಅಕ್ಕನ ಮೇಲೆ ಹರಿಹಾಯ್ದೆ.

"ಹೇಳಿದ್ರೆ ನೀನೇನು ಮಾಡ್ತಿದ್ದೆ? ಅಪ್ಪನ ಮೇಲಿನ ಸಿಟ್ಟನ್ನ ತಂದು ನಿನ್ನ ತಲೆ ಮೇಲೆ ಸುರ್ಕೊಳ್ತಿದ್ದೆ. ನನ್ನಿಂದ ಅಕ್ಕ ಓದಲಿಲ್ಲ ಅಂತ ಇನ್ನೊಂದು ಭಾಷಣ" ಎಂದಳು. "ಈಗಲೂ ಹೇಳ್ತಿರಲಿಲ್ಲ. ಮೂರು ತಿಂಗಳು ಅಂದ್ರಲ್ಲ ಡಾಕ್ಟ್ರು, ಅದಕ್ಕೆ."

ನಾನು ಎದ್ದೆ. ಹೊರಗಿನ ಕೋಣೆಗೆ ಹತ್ತು ಹೆಜ್ಜೆ. ಅಪ್ಪ ನನ್ನನ್ನು ನೋಡಿ, ಅಭ್ಯಾಸದಂತೆ ನನ್ನ ಹಿಂದೆ ಅಕ್ಕ ಬರುತ್ತಿದ್ದಾಳೆಯೇ ಎಂದು ಇಣುಕಿದರು. ನಾನು ಅವರ ಎಡಗಡೆ ನೆಲದ ಮೇಲೆ ಕೂತೆ. ಅವರು ರೇಡಿಯೋ ಆರಿಸಿದರು.

"ಅರ್ಜಿ ಮೇಲಿನ ಸಹಿ ನಿಮ್ಮದಲ್ವಂತೆ. ಅಕ್ಕ ಹೇಳಿದಳು" ಎಂದೆ, ಕಿವಿಯ ಹತ್ತಿರ ಬಾಯಿಟ್ಟು.

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಗೊತ್ತು. ನನ್ನ ಸಹಿ ಕೊನೇಲಿ ಬಾಲ ಇರ್ತದೆ. ಅವಳು ಹಾಕಿದ್ದಕ್ಕೆ ಇರಲಿಲ್ಲ" ಎಂದರು. "ಶಾಲೆಯ ಗುಮಾಸ್ತ ಕಾರ್ಖಾನೆ ಗೇಟಿಗೆ ಬಂದು ಅರ್ಜಿ ತೋರಿಸಿದ. ಇದು ನಿಮ್ಮ ಸಹಿನೇ ತಾನೇ, ಅಲ್ಲ ಅಂದ್ರೆ ಹುಡುಗೀನ ನಾಳೆಯಿಂದ ಮತ್ತೆ ಕೂರಿಸ್ಕೊಳ್ತೀವಿ ಅಂದ. ನಾನು ಹೌದು ಅಂದೆ."

ಹಿಂದೆ ಏನೋ ಬಿದ್ದ ಸದ್ದಾಯಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಮಡಿಲಲ್ಲಿದ್ದ ಅಂಗಿಗಳೆಲ್ಲ ನೆಲದ ಮೇಲಿದ್ದವು. ನಲವತ್ತೆರಡು ವರ್ಷದಿಂದ ತಾನು ಅಪ್ಪನಿಗೆ ಟೋಪಿ ಹಾಕಿದ್ದೇನೆಂದು ನಂಬಿದ್ದವಳು. ಅಪ್ಪನಿಗೆ ಸದ್ದು ಕೇಳಿಸಲಿಲ್ಲ, ಅವಳನ್ನು ನೋಡಲೂ ಇಲ್ಲ.

"ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಹೌದು ಅಂದವನೇ ಬಿಡಿಸಿದವನು" ಎಂದರು. "ನೀನು ಬೈದದ್ದು ಸರಿಯಾಗೇ ಇತ್ತು."

"ಹಾಗಂತ ಆರು ವರ್ಷ ಸುಮ್ಮನಿರೋದಾ?" ನಾನು ಕಿರುಚಿದೆ. "ನಾನು ಅಷ್ಟು ಜನರ ಮುಂದೆ ಅಷ್ಟೆಲ್ಲ ಅಂದೆ. ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಜಗಳ ನಿಲ್ಲಿಸಿಬಿಡ್ತಿದ್ದೆ" ಎಂದರು ಅಪ್ಪ. "ನೀನು ಅವಳ ಪರ ಜಗಳ ಆಡ್ತಿದ್ದೆ. ಆಗ ಒಬ್ಬರೂ ಆಡಲಿಲ್ಲ. ನಾನೂ ಆಡಲಿಲ್ಲ. ಈಗಲಾದ್ರೂ ಒಬ್ಬಳು ಆಡಲಿ ಅನ್ನಿಸ್ತು."

ನನಗೆ ಅಳು ಬಂತು. ಯಾರನ್ನೂ ಹಂಗಿಸಲು ತೋಚಲಿಲ್ಲ. "ತಪ್ಪಾಯ್ತು ಅಪ್ಪ" ಎಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಕೇಳಿಸಲಿಲ್ಲವೆಂದುಕೊಂಡು ಇನ್ನಷ್ಟು ಹತ್ತಿರ ಹೋಗಿ, "ತಪ್ಪಾಯ್ತು" ಎಂದು ಜೋರಾಗಿ ಹೇಳಿದೆ. ಅವರು ಕಿವಿಯನ್ನು ಸ್ವಲ್ಪ ಬಾಗಿಸಿದರು. ಮೂರನೇ ಸಲ ಪ್ರಾರ್ಥನೆಯ ಮೈದಾನದಲ್ಲಿ ಆರುನೂರು ಮಕ್ಕಳನ್ನು ಗದರಿಸುವ ಸ್ವರದಲ್ಲಿ, "ಅಪ್ಪಾ, ನನ್ನದು ತಪ್ಪಾಯ್ತು!" ಎಂದು ಕೂಗಿದೆ. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ನನ್ನ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅಲ್ಲಿಂದ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಸೋಮವಾರದ ಹೊತ್ತಿಗೆ ಇಡೀ ಶಾಲೆಗೆ ಗೊತ್ತಾಗುವುದು ಗ್ಯಾರಂಟಿ.

ಅಕ್ಕ ಬಂದು ಅಪ್ಪನ ಇನ್ನೊಂದು ಪಕ್ಕ, ಏನೂ ಕೇಳಿಸದ ಬಲಗಿವಿಯ ಕಡೆ ಕೂತು ಅವರ ಸುಟ್ಟ ಕಲೆಯ ತೋಳನ್ನು ಹಿಡಿದುಕೊಂಡಳು. "ಅವರಿಗೆ ಕೇಳಿಸ್ತಿಲ್ಲ ಅಕ್ಕ, ನೀನೇ ಹೇಳು" ಎಂದೆ.

"ಕೇಳಿಸ್ತು" ಎಂದರು ಅಪ್ಪ. "ಮೊದಲನೇ ಸಲಾನೇ ಕೇಳಿಸ್ತು."

"ಮತ್ತೆ ಸುಮ್ಮನೆ ಯಾಕೆ ಕೂತಿದ್ರಿ?"

"ನೀನು ನನ್ನನ್ನ ಅಪ್ಪ ಅಂದು ಆರು ವರ್ಷ ಆಯ್ತು" ಎಂದರು. "ಇನ್ನು ಉಳಿದಿರೋದು ಮೂರು ತಿಂಗಳು. ಇನ್ನೊಂದೆರಡು ಸಲ ಅನ್ನಿಸಿಕೊಳ್ಳೋಣ ಅಂತ."